ಕಲ್ಲಿದ್ದಲಿಲ್ಲದ ನಾಡಿನ ಕೈಗಾರಿಕೆ: ಹಳೆಯ ಮೈಸೂರು ಸಂಸ್ಥಾನದಲ್ಲಿ ಹೊನ್ನು, ನೀರು ಮತ್ತು ಕಾಡು

ಒಂದು ಪ್ರದೇಶದ ಕೈಗಾರಿಕೆಗಳ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅಲ್ಲಿಯ ನೈಸರ್ಗಿಕ ಸಂಪತ್ತಿನ ಪಟ್ಟಿಯೊಂದನ್ನು ಕೊಟ್ಟು, ಕೈಗಾರಿಕೆಗಳೆಲ್ಲವೂ ಆ ಪಟ್ಟಿಯಿಂದ ತಾವಾಗಿ ಹುಟ್ಟಿದುವೆಂಬಂತೆ ವಿವರಿಸುವುದು ವಾಡಿಕೆ. ಚಿನ್ನವಿದ್ದುದರಿಂದ ಗಣಿಗಳಾದುವು, ಗಂಧದ ಮರವಿದ್ದುದರಿಂದ ಎಣ್ಣೆಯ ಕಾರ್ಖಾನೆಯಾಯಿತು, ಅದಿರಿದ್ದುದರಿಂದ ಕಬ್ಬಿಣದ ಕಾರ್ಖಾನೆಯಾಯಿತು ಎಂದು ಹೇಳಿ ಮುಂದಕ್ಕೆ ಸಾಗುತ್ತೇವೆ. ಹಳೆಯ ಮೈಸೂರು ಸಂಸ್ಥಾನದ ವಿಷಯದಲ್ಲಿ ಇದರ ಜೊತೆಗೆ ಮತ್ತೊಂದು ವಾಡಿಕೆಯೂ ಸೇರಿಕೊಂಡಿದೆ. ಎಲ್ಲವನ್ನೂ ಒಬ್ಬಿಬ್ಬರು ದಿವಾನರ ದೂರದೃಷ್ಟಿಗೆ ಒಪ್ಪಿಸಿಬಿಡುವುದೇ ಆ ವಾಡಿಕೆ. ಈ ಎರಡು ವಿವರಣೆಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಸೇರಿದರೂ ಪೂರ್ಣಸತ್ಯವಾಗುವುದಿಲ್ಲ.

ಒಂದು ನಾಡಿನ ಕೈಗಾರಿಕೆಗೆ ರೂಪಕೊಡುವುದರಲ್ಲಿ ಅಲ್ಲಿ ಇರುವ ವಸ್ತುಗಳಿಗೆಷ್ಟು ಪಾತ್ರವುಂಟೋ ಇಲ್ಲದಿರುವ ವಸ್ತುವಿಗೂ ಅಷ್ಟೇ ಪಾತ್ರವುಂಟು. ಮೈಸೂರಿನಲ್ಲಿ ಇಲ್ಲದಿದ್ದ ವಸ್ತು ಕಲ್ಲಿದ್ದಲು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರೋದ್ಯಮವೆಂದರೆ ಉಗಿಯಂತ್ರ, ಉಗಿಯಂತ್ರವೆಂದರೆ ಕಲ್ಲಿದ್ದಲು. ಇಂಗ್ಲೆಂಡಿನಲ್ಲಿಯೂ ಬಂಗಾಳ-ಬಿಹಾರಗಳಲ್ಲಿಯೂ ಕೈಗಾರಿಕೆಗಳು ಕಲ್ಲಿದ್ದಲಿನ ಗಣಿಗಳ ಸುತ್ತಮುತ್ತ ಬೆಳೆದುವು. ಮೈಸೂರಿಗೆ ಆ ದಾರಿ ತೆರೆದಿರಲಿಲ್ಲ. ಆದುದರಿಂದ ಈ ಸಂಸ್ಥಾನವು ತನ್ನ ಯಂತ್ರಗಳಿಗೆ ಬೇಕಾದ ಶಕ್ತಿಯನ್ನು ಬೀಳುವ ನೀರಿನಲ್ಲಿಯೂ, ಕುಲುಮೆಗೆ ಬೇಕಾದ ಶಾಖವನ್ನು ಮಲೆನಾಡಿನ ಮರದಲ್ಲಿಯೂ ಹುಡುಕಬೇಕಾಯಿತು. ಈ ಹುಡುಕಾಟವು ಎಲ್ಲಿ ಉದ್ಯಮಗಳ ಸರಪಳಿಯನ್ನು ಹುಟ್ಟಿಸಿತು, ಎಲ್ಲಿ ಹುಟ್ಟಿಸಲಿಲ್ಲ, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೧. ಪೂರ್ವಸ್ಥಿತಿ

ಯಂತ್ರಯುಗಕ್ಕೆ ಮುಂಚೆ ಮೈಸೂರು ನಾಡಿನಲ್ಲಿ ಖನಿಜಗಳನ್ನು ಬಳಸುವ ಕಸುಬುಗಳಿರಲಿಲ್ಲವೆಂದು ಯಾರೂ ಭಾವಿಸಬಾರದು. ಶ್ರೀರಂಗಪಟ್ಟಣದ ಪತನದ ಮರುವರ್ಷ, ೧೮೦೦ರಲ್ಲಿ, ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸವೃತ್ತಾಂತದಲ್ಲಿ ಕಬ್ಬಿಣ ಕರಗಿಸುವವರ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ತರುವ ಕಪ್ಪು ಮರಳನ್ನು ತೊಳೆದು, ಸೌದೆಯಿಂದ ಸುಟ್ಟ ಇದ್ದಲನ್ನು ಬೆರೆಸಿ, ಮಣ್ಣಿನ ಕುಲುಮೆಯಲ್ಲಿ ತಿದಿಯೊತ್ತಿ ಕಬ್ಬಿಣವನ್ನು ತೆಗೆಯುತ್ತಿದ್ದರು. ಮಾಗಡಿಯ ಸೀಮೆಯಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಸಹ ಮಾಡುತ್ತಿದ್ದರು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದರು.

ಈ ಕಸುಬಿನ ಮಿತಿ ಅದಿರಿನಲ್ಲಿರಲಿಲ್ಲ, ಕುಶಲತೆಯಲ್ಲಿಯೂ ಇರಲಿಲ್ಲ, ಅದು ಇದ್ದಲಿನಲ್ಲಿತ್ತು. ಒಂದು ಟನ್ನು ಇದ್ದಲನ್ನು ಪಡೆಯಲು ನಾಲ್ಕೈದು ಟನ್ನು ಸೌದೆಯನ್ನಾದರೂ ಸುಡಬೇಕು. ಹತ್ತಿರದ ಕಾಡು ತೀರಿದಂತೆ ಕುಲುಮೆಯು ಕಾಡನ್ನು ಹಿಂಬಾಲಿಸಬೇಕಾಗುತ್ತಿತ್ತು. ಕಾಡು ಸರಕಾರದ ಇಲಾಖೆಯ ವಶಕ್ಕೆ ಹೋದಮೇಲೆ ಸೌದೆಗೆ ಬೆಲೆ ಬಂದಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುದಾರಿ ತೆರೆದಮೇಲೆ ಕಲ್ಲಿದ್ದಲಿನಿಂದ ಕರಗಿಸಿದ ವಿಲಾಯಿತಿಯ ಅಗ್ಗದ ಕಬ್ಬಿಣವು ಪೇಟೆಯವರೆಗೂ ಸುಲಭವಾಗಿ ಬಂದಿತು. ಮೈಸೂರಿನ ಕುಲುಮೆಗಳು ಒಂದೊಂದಾಗಿ ಆರಿದುವು. ಅದಿರು ಇದ್ದಲ್ಲಿಯೇ ಇದ್ದಿತು. ಅದನ್ನು ಬಳಸುವ ಕಸುಬು ಮಾತ್ರ ಹೋಯಿತು. ಸಂಪತ್ತು ಇದ್ದ ಮಾತ್ರಕ್ಕೆ ಉದ್ಯಮವಿರುತ್ತದೆಂಬ ನಂಬಿಕೆಗೆ ಇದೇ ಮೊದಲ ಉತ್ತರ.

೨. ಹೊನ್ನು

ಕೋಲಾರದ ಸೀಮೆಯಲ್ಲಿ ಚಿನ್ನವಿದೆಯೆಂಬುದು ಬಹುಕಾಲದಿಂದ ತಿಳಿದಿದ್ದ ಸಂಗತಿ. ೧೮೦೨ರಲ್ಲಿ ಗಡಿಯ ಮೋಜಣಿಗೆಂದು ಬಂದಿದ್ದ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿಯು ಮಾರಿಕುಪ್ಪದ ಸುತ್ತಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದುದನ್ನು ಕಂಡು ವರದಿಮಾಡಿದನು. ಆ ಪ್ರದೇಶದಲ್ಲಿ ಪ್ರಾಚೀನರು ತೋಡಿದ ಗುಂಡಿಗಳೂ ಇದ್ದುವು. ವಾರೆನ್ನನ ವರದಿಯನ್ನೋದಿ ಆಸಕ್ತನಾದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ೧೮೭೩ರಲ್ಲಿ ಸರಕಾರದಿಂದ ಪರವಾನಗಿಯನ್ನು ಬೇಡಿದನು. ಆದರೆ ಒಬ್ಬನ ಬಂಡವಾಳಕ್ಕೆ ದಕ್ಕುವ ಕೆಲಸ ಅದಾಗಿರಲಿಲ್ಲ. ೧೮೮೦ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯ ಆಡಳಿತದಲ್ಲಿ ಗಣಿಯ ಕೆಲಸ ಆರಂಭವಾಯಿತು. ಮೊದಲ ಕೆಲವು ವರ್ಷ ನಷ್ಟವೇ ಆಗಿ, ೧೮೮೫ರ ಸುಮಾರಿಗೆ ಸಮೃದ್ಧವಾದ ಚಾಂಪಿಯನ್ ರೀಫ್ ದೊರೆತಮೇಲೆ ಕೋಲಾರದ ಹೆಸರು ಲಂಡನ್ನಿನ ಷೇರುಪೇಟೆಯಲ್ಲಿ ನಿಂತಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಮುಂದೆ ಪ್ರಸಿದ್ಧವಾದುವು.

ಮೈಸೂರು ಸರಕಾರಕ್ಕೆ ಇದು ಬಂದ ಕಾಲವನ್ನು ನಾವು ಗಮನಿಸಬೇಕು. ೧೮೭೬-೭೮ರ ಡಾಮರದ ಬರದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿದಿತ್ತು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದಾಗ ಬೊಕ್ಕಸದಲ್ಲಿ ಸಾಲವೇ ಮುಖ್ಯವಾಗಿತ್ತು. ಬ್ರಿಟಿಷರಿಗೆ ಕೊಡಬೇಕಾದ ವಾರ್ಷಿಕ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಿಂದ ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು; ಏರಿಸಿದ ಭಾಗವು ೧೮೯೬ರಿಂದ ಜಾರಿಗೆ ಬಂದಿತು. ಇಂಥ ಸಮಯದಲ್ಲಿ ತೆಗೆದ ಚಿನ್ನದ ಮೇಲೆ ನೂರಕ್ಕೆ ಐದರಂತೆ ಬರುತ್ತಿದ್ದ ರಾಜಧನವು ರೈತನ ಕಂದಾಯವನ್ನು ಮುಟ್ಟದೆ ದೊರೆತ ಹೊಸ ಆದಾಯವಾಗಿತ್ತು.

ಆದರೆ ರಾಜಧನವು ಉತ್ಪನ್ನದ ಇಪ್ಪತ್ತನೆಯ ಒಂದು ಪಾಲು ಮಾತ್ರ. ಲಾಭಾಂಶವು ಲಂಡನ್ನಿಗೆ ಹೋಯಿತು. ಯಂತ್ರಗಳು ವಿಲಾಯಿತಿಯಿಂದ ಬಂದುವು. ಕೆಲಸಗಾರರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಜಿಲ್ಲೆಗಳಿಂದ ಬಂದ ಬಡವರು. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಭೂಮಿಯೂ ಮಾನವೂ ಇಲ್ಲದಿದ್ದ ದಲಿತರು. ಅವರಿಗೆ ಗಣಿಯು ಜೀತದಿಂದ ಬಿಡುಗಡೆಯ ದಾರಿಯೂ ಆಯಿತು, ಶ್ವಾಸಕೋಶವನ್ನು ಕಲ್ಲಿನ ಧೂಳು ತಿನ್ನುವ ಸಿಲಿಕೋಸಿಸ್ ರೋಗದ ದಾರಿಯೂ ಆಯಿತು. ನೆಲದ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದು ಸತ್ತವರ ಲೆಕ್ಕ ಬೇರೆ. ಚಿನ್ನವನ್ನು ಕೋಲಾರದಲ್ಲಿ ತೆಗೆದರೇ ಹೊರತು, ಅದನ್ನು ಕಚ್ಚಾವಸ್ತುವಾಗಿ ಬಳಸಿಕೊಂಡು ಅಲ್ಲಿಯೇ ಬೆಳೆಯುವ ಇನ್ನೊಂದು ಉದ್ಯಮ ಹುಟ್ಟಲಿಲ್ಲ. ಗಣಿಯಿಂದ ನಾಡಿಗೆ ಆದ ದೊಡ್ಡ ಲಾಭವನ್ನು ಗಣಿಯ ಹೊರಗೆ, ಕಾವೇರಿಯ ದಡದಲ್ಲಿ ಹುಡುಕಬೇಕು.

೩. ನೀರು

ಗಣಿಯು ಆಳವಾದಷ್ಟೂ ಶಕ್ತಿಯ ಅವಶ್ಯಕತೆ ಹೆಚ್ಚುತ್ತದೆ. ಅದಿರನ್ನು ಮೇಲಕ್ಕೆತ್ತಬೇಕು, ನೀರನ್ನು ಹೊರಹಾಕಬೇಕು, ಗಾಳಿಯನ್ನು ಒಳಗೆ ಕಳುಹಿಸಬೇಕು, ಕಲ್ಲನ್ನು ಪುಡಿಮಾಡಬೇಕು. ಇವೆಲ್ಲವನ್ನೂ ಉಗಿಯಂತ್ರದಿಂದ ಮಾಡುತ್ತಿದ್ದಾಗ ದೂರದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿಗೂ ಸುತ್ತಿನ ಕಾಡಿನ ಸೌದೆಗೂ ಅಪಾರ ವೆಚ್ಚವಾಗುತ್ತಿತ್ತು. ಕಲ್ಲಿದ್ದಲಿನ ಗಣಿಗಳು ಕೋಲಾರದ ಪಕ್ಕದಲ್ಲಿಯೇ ಇದ್ದಿದ್ದರೆ ಶಿವನಸಮುದ್ರದ ಕಡೆಗೆ ಆ ಕಾಲದಲ್ಲಿ ಯಾರೂ ತಿರುಗಿನೋಡುತ್ತಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು.

ಶಿವನಸಮುದ್ರದಲ್ಲಿ ಕಾವೇರಿಯು ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತದೆ. ಇಲ್ಲಿ ಸುಮಾರು ೪೦೦ ಅಡಿಗಳ ಇಳಿತ ದೊರೆಯುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ, ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಯಂತ್ರಗಳನ್ನು ನೋಡಿಬಂದು ಯೋಜನೆಯನ್ನು ರೂಪಿಸಿದರು. ೧೯೦೨ರ ಜೂನ್ ೩೦ರಂದು ವಿದ್ಯುಚ್ಛಕ್ತಿಯು ೯೨ ಮೈಲಿಗಳ ತಂತಿಯ ಮೂಲಕ ಕೋಲಾರದ ಗಣಿಗಳನ್ನು ತಲಪಿತು. ಅಂದಿನ ಪ್ರಪಂಚದಲ್ಲಿ ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವ ಮಾರ್ಗಗಳು ವಿರಳವಾಗಿದ್ದುವು. ಭಾರತದಲ್ಲಿ ನೀರಿನಿಂದ ವಿದ್ಯುತ್ತನ್ನು ಪಡೆದುದು ಇದೇ ಮೊದಲೆಂದು ಕೆಲವೆಡೆ ಬರೆದಿರುವುದು ಸರಿಯಲ್ಲ; ಡಾರ್ಜಿಲಿಂಗಿನಲ್ಲಿ ೧೮೯೭ರಲ್ಲಿಯೇ ಸಣ್ಣ ಉತ್ಪಾದನಾ ಕೇಂದ್ರವೊಂದು ಕೆಲಸಮಾಡುತ್ತಿತ್ತು. ಕೈಗಾರಿಕೆಗೆಂದು ದೊಡ್ಡ ಪ್ರಮಾಣದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ದೂರಕ್ಕೆ ಸಾಗಿಸಿದ ಮೊದಲಿಗರೆಂಬ ಕೀರ್ತಿ ಮಾತ್ರ ಶಿವನಸಮುದ್ರಕ್ಕೆ ಸಲ್ಲುತ್ತದೆ. ಶೇಷಾದ್ರಿ ಅಯ್ಯರ್ ಅವರು ಇದನ್ನು ನೋಡಲು ಬದುಕಿರಲಿಲ್ಲ, ೧೯೦೧ರಲ್ಲಿಯೇ ತೀರಿಕೊಂಡಿದ್ದರು.

ಈ ಯೋಜನೆಯ ಆರ್ಥಿಕ ರಚನೆ ಅದರ ಯಂತ್ರರಚನೆಯಷ್ಟೇ ಮಹತ್ತ್ವದ್ದು. ಉತ್ಪಾದನಾ ಕೇಂದ್ರವು ಗಣಿಯ ಕಂಪನಿಗಳದಾಗಿರಲಿಲ್ಲ, ಸರಕಾರದ್ದಾಗಿತ್ತು. ಇಷ್ಟು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಹಣವೆಂದು ಕಂಪನಿಗಳು ಮೊದಲೇ ಕರಾರು ಮಾಡಿಕೊಂಡಿದ್ದುವು. ಹೀಗೆ ಖಚಿತವಾದ ಗಿರಾಕಿ ಮುಂದೆ ಇದ್ದುದರಿಂದಲೇ ಬಡ ಸಂಸ್ಥಾನವೊಂದು ಇಂಥ ಸಾಹಸಕ್ಕೆ ಕೈಹಾಕಲು ಸಾಧ್ಯವಾಯಿತು. ಗಣಿಯ ಸಲುವಾಗಿ ಹಾಕಿದ ತಂತಿಯಿಂದ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಅನಂತರ ಗಿರಣಿಗಳಿಗೂ ಸಣ್ಣಪುಟ್ಟ ಕಾರ್ಖಾನೆಗಳಿಗೂ ಶಕ್ತಿ ದೊರೆಯಿತು. ನದಿಯಿಲ್ಲದ, ಕಲ್ಲಿದ್ದಲಿಲ್ಲದ, ಬಂದರಿಲ್ಲದ ಬೆಂಗಳೂರು ಕೈಗಾರಿಕಾ ನಗರವಾಗಿ ಬೆಳೆಯಲು ಇದು ಒಂದು ಮುಖ್ಯ ಕಾರಣ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆಗೆ ಸ್ಥಳವನ್ನು ಹುಡುಕುತ್ತಿದ್ದಾಗ ಮೈಸೂರು ಸರಕಾರವು ಭೂಮಿಯ ಜೊತೆಗೆ ವಿದ್ಯುತ್ತನ್ನೂ ಬಂಡವಾಳವನ್ನೂ ನೀಡುವ ಸ್ಥಿತಿಯಲ್ಲಿತ್ತು. ವಿಮಾನಕ್ಕೆ ಬೇಕಾದ ಯಾವ ಲೋಹವೂ ಬೆಂಗಳೂರಿನ ನೆಲದಲ್ಲಿರಲಿಲ್ಲ ಎಂಬುದನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ.

ಕಾವೇರಿಯು ಮಳೆಗಾಲದ ನದಿ. ಬೇಸಗೆಯಲ್ಲಿ ಪ್ರವಾಹ ಇಳಿದಾಗ ಶಿವನಸಮುದ್ರದ ಯಂತ್ರಗಳಿಗೆ ಸಾಕಷ್ಟು ನೀರು ಸಿಕ್ಕುತ್ತಿರಲಿಲ್ಲ. ಗಣಿಗಳೋ ಇನ್ನೂ ಹೆಚ್ಚು ಶಕ್ತಿಯನ್ನು ಬೇಡುತ್ತಿದ್ದುವು. ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ಜಲಾಶಯವನ್ನು ಕಟ್ಟುವ ಯೋಜನೆಯನ್ನು ಮುಂದಿಟ್ಟಾಗ ನೀರಾವರಿಯೊಡನೆ ವಿದ್ಯುತ್ತಿನ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ೧೯೧೧ರಲ್ಲಿ ಕೆಲಸ ಆರಂಭವಾಯಿತು. ಕಾವೇರಿಯ ನೀರಿನ ಹಕ್ಕಿಗಾಗಿ ಮದರಾಸು ಸರಕಾರದೊಡನೆ ನಡೆದ ದೀರ್ಘವಾದ ವಿವಾದವು ೧೯೨೪ರ ಫೆಬ್ರವರಿಯ ಒಪ್ಪಂದದಿಂದ ಒಂದು ಹಂತಕ್ಕೆ ಬಂದಿತು. ಮೇಲಿನ ಸಂಸ್ಥಾನವು ತನ್ನ ನದಿಯನ್ನು ಸ್ವೇಚ್ಛೆಯಾಗಿ ಬಳಸುವಂತಿರಲಿಲ್ಲ ಎಂಬುದೂ ಸಂಪತ್ತಿನ ಚರಿತ್ರೆಯ ಒಂದು ಅಂಗವೇ. ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಇಟ್ಟಿಗೆಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟೆಯನ್ನು ಕಟ್ಟಿದರು; ೧೯೩೦ರ ದಶಕದ ಆರಂಭದಲ್ಲಿ ಕಟ್ಟೆ ಪೂರ್ಣವಾಯಿತು.

ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆಯು (ಇದೇ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು) ರಾಗಿ, ಹುರುಳಿಗಳ ಮಂಡ್ಯ ಸೀಮೆಗೆ ನೀರನ್ನು ತಂದಿತು. ನೀರು ಬಂದಲ್ಲಿ ಕಬ್ಬು ಬಂದಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮದ ಫಲವಾಗಿ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕೋಲಾರದ ಚಿನ್ನಕ್ಕೂ ಮಂಡ್ಯದ ಸಕ್ಕರೆಗೂ ಮೇಲುನೋಟಕ್ಕೆ ಯಾವ ಸಂಬಂಧವೂ ತೋರುವುದಿಲ್ಲ. ಆದರೆ ಗಣಿಗೆ ಶಕ್ತಿ ಬೇಕಾದುದರಿಂದ ಜಲಪಾತ, ಜಲಪಾತಕ್ಕೆ ಬೇಸಗೆಯಲ್ಲಿ ನೀರು ಬೇಕಾದುದರಿಂದ ಜಲಾಶಯ, ಜಲಾಶಯದಿಂದ ನಾಲೆ, ನಾಲೆಯಿಂದ ಕಬ್ಬು ಎಂಬ ಈ ಕ್ರಮವನ್ನು ಅನುಸರಿಸಿದರೆ ಒಂದರ ಕೊರತೆ ಇನ್ನೊಂದನ್ನು ಹುಟ್ಟಿಸಿದುದು ಕಾಣುತ್ತದೆ. ಹಳೆಯ ಕನ್ನಂಬಾಡಿಯೂ ಸುತ್ತಿನ ಊರುಗಳೂ ನೀರಿನಲ್ಲಿ ಮುಳುಗಿದುದನ್ನು ಸಹ ಇದೇ ಲೆಕ್ಕದಲ್ಲಿ ಬರೆಯಬೇಕು.

೪. ಕಾಡು: ಗಂಧ

ಗಂಧದ ಮರದ ಚರಿತ್ರೆ ಬೇರೊಂದು ಪಾಠವನ್ನು ಕಲಿಸುತ್ತದೆ. ಟೀಪು ಸುಲ್ತಾನನು ೧೭೯೨ರಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು; ಅದು ಯಾರ ಹೊಲದಲ್ಲಿ ಬೆಳೆದರೂ ಸರಕಾರದ ಸ್ವತ್ತು. ಮುಂದಿನ ಸರಕಾರಗಳೂ ಈ ನಿಯಮವನ್ನು ಬಿಡಲಿಲ್ಲ. ಮೊದಲನೆಯ ಮಹಾಯುದ್ಧದವರೆಗೆ ಸರಕಾರವು ಮರವನ್ನು ಕಡಿಸಿ, ತೊಗಟೆ ಬಿಳಿಭಾಗಗಳನ್ನು ತೆಗೆಸಿ, ಚೇಗನ್ನು ಹರಾಜಿನಲ್ಲಿ ಮಾರುತ್ತಿತ್ತು. ಅದರಲ್ಲಿ ಬಹುಭಾಗ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೈಸೂರಿನದು ಮರ, ಜರ್ಮನಿಯದು ವಿದ್ಯೆ. ಬೆಲೆಯ ಹೆಚ್ಚಿನ ಪಾಲು ವಿದ್ಯೆಗೆ ಸೇರುತ್ತಿತ್ತು.

೧೯೧೪ರಲ್ಲಿ ಯುದ್ಧವು ಆರಂಭವಾಗಿ ಜರ್ಮನಿಯ ಮಾರುಕಟ್ಟೆ ಮುಚ್ಚಿದಾಗ ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ಉಳಿದುವು. ಅಂದಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್ನರೂ ಈ ಸಂಕಟವನ್ನು ಅವಕಾಶವಾಗಿ ಮಾಡಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆಯನ್ನು ಬಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಕೆಲಸಮಾಡಿದುವು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ವಿಶೇಷ ಶಿಕ್ಷಣವನ್ನು ಪಡೆದು ಬಂದು ಸಾಬೂನಿನ ತಯಾರಿಕೆಯನ್ನು ರೂಪಿಸಿದರು. ಮೈಸೂರು ಸ್ಯಾಂಡಲ್ ಸಾಬೂನು ಮನೆಮಾತಾಯಿತು. ಮರವು ಶತಮಾನಗಳಿಂದ ಇದ್ದಿತು. ಉದ್ಯಮವು ಹುಟ್ಟಿದುದು ಮಾರುಕಟ್ಟೆ ಕಡಿದಾಗ, ಹತ್ತಿರದಲ್ಲಿ ಒಂದು ಪ್ರಯೋಗಶಾಲೆ ಇದ್ದುದರಿಂದ.

ಆದರೆ ಇಲ್ಲಿ ನಾವು ಒಂದು ದೋಷವನ್ನೂ ಗುರುತಿಸಬೇಕು. ಮರವು ಸರಕಾರದ್ದಾದುದರಿಂದ ರೈತನಿಗೆ ಅದು ಸಂಪತ್ತಾಗಿರಲಿಲ್ಲ, ತಲೆನೋವಾಗಿತ್ತು. ತನ್ನ ಹೊಲದ ಗಂಧದ ಮರ ಕಳವಾದರೆ ಉತ್ತರ ಹೇಳಬೇಕಾದವನು ಅವನೇ. ಸಸಿ ಮೂಡಿದಾಗಲೇ ಕಿತ್ತೆಸೆಯುವುದು ಅವನಿಗೆ ಕ್ಷೇಮವೆನಿಸುತ್ತಿತ್ತು. ಮರಗಳನ್ನು ಒಣಗಿಸುವ ಸ್ಪೈಕ್ ರೋಗವೂ, ಕಳ್ಳಸಾಗಣೆಯೂ ಇದಕ್ಕೆ ಜೊತೆಯಾದುವು. ೨೦೦೧ರಲ್ಲಿ ಕರ್ನಾಟಕದ ಕಾನೂನನ್ನು ತಿದ್ದಿ ಭೂಮಿಯ ಒಡೆಯನಿಗೆ ಮರದ ಒಡೆತನವನ್ನು ಕೊಡುವ ಹೊತ್ತಿಗೆ ಕಾಡಿನ ಗಂಧ ಬಹುಮಟ್ಟಿಗೆ ತೀರಿತ್ತು. ಬೆಳೆಯಬಲ್ಲ ಸಂಪತ್ತನ್ನು ಬೆಳೆಯುವವನಿಗೆ ಪಾಲು ಕೊಡದೆ ಬಳಸಿದರೆ ಅದು ಗಣಿಯಂತೆಯೇ ಬರಿದಾಗುತ್ತದೆ.

೫. ಕಾಡು: ಕಬ್ಬಿಣ

ಕಲ್ಲಿದ್ದಲಿನ ಅಭಾವವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಭದ್ರಾವತಿಯಲ್ಲಿ. ಬಾಬಾಬುಡನ್ ಬೆಟ್ಟಗಳಲ್ಲಿ ಉತ್ತಮವಾದ ಕಬ್ಬಿಣದ ಅದಿರು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಭದ್ರಾನದಿಯಲ್ಲಿ ನೀರು, ಬೀರೂರಿನಿಂದ ಶಿವಮೊಗ್ಗೆಗೆ ಹೋಗುವ ರೈಲುದಾರಿ. ಕುಲುಮೆಗೆ ಹಾಕಲು ಕಲ್ಲಿದ್ದಲು ಮಾತ್ರವಿಲ್ಲ. ಸುತ್ತ ಮಲೆನಾಡಿನ ದಟ್ಟವಾದ ಕಾಡಿತ್ತು. ಆದುದರಿಂದ ಇದ್ದಲಿನಿಂದ ನಡೆಯುವ ಊದುಕುಲುಮೆಯನ್ನು ಕಟ್ಟಲು ನಿರ್ಧರಿಸಿದರು. ಮಾಗಡಿಯ ಹಳೆಯ ಕುಲುಮೆಗಾರರ ಇಂಧನವೇ ಯಂತ್ರಯುಗದ ರೂಪದಲ್ಲಿ ಮರಳಿಬಂದಿತು.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ೧೯೧೮ರಲ್ಲಿ ಆರಂಭವಾದ ಕೆಲಸ ಮುಗಿದು ೧೯೨೩ರಲ್ಲಿ ಕುಲುಮೆಗೆ ಬೆಂಕಿಬಿದ್ದಿತು. ಕೆಮ್ಮಣ್ಣುಗುಂಡಿಯ ಅದಿರು ತೂಗುತಂತಿಯ ಮೇಲೆ ಬೆಟ್ಟವಿಳಿದು ತಣಿಗೇಬೈಲಿಗೂ, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೂ ಬರುತ್ತಿತ್ತು. ಸೌದೆಯನ್ನು ಸುಮ್ಮನೆ ಸುಡದೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಲಿನೊಡನೆ ಮರದ ಮದ್ಯಸಾರ, ಟಾರು ಮೊದಲಾದ ಉಪೋತ್ಪನ್ನಗಳನ್ನೂ ಪಡೆಯುವ ವ್ಯವಸ್ಥೆಯಿತ್ತು. ಆದರೆ ಯುದ್ಧಕಾಲದ ಏರಿದ ಬೆಲೆಗಳನ್ನು ನಂಬಿ ಹೂಡಿದ ಕಾರ್ಖಾನೆಯು ಬೆಲೆ ಕುಸಿದ ಕಾಲದಲ್ಲಿ ಕಣ್ದೆರೆಯಿತು. ದಿವಾನಗಿರಿಯನ್ನು ೧೯೧೮ರಲ್ಲಿಯೇ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ೧೯೨೩ರಿಂದ ೧೯೨೯ರವರೆಗೆ ಆಡಳಿತಮಂಡಲಿಯ ಅಧ್ಯಕ್ಷರಾಗಿ ವೆಚ್ಚವನ್ನು ತಗ್ಗಿಸಿ ಅದನ್ನು ನಿಲ್ಲಿಸಿದರು. ಸಂಸ್ಥಾನಕ್ಕೆ ಸ್ವಂತ ಬಂದರಿರಲಿಲ್ಲ. ಭಟ್ಕಳದಲ್ಲಿ ಬಂದರನ್ನು ಮಾಡಬೇಕೆಂಬ ಅವರ ಆಸೆ ಕೈಗೂಡಲಿಲ್ಲ, ಆ ತೀರವು ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಬರಿಯ ಬೀಡುಕಬ್ಬಿಣವನ್ನು ಮಾರಿ ಬದುಕುವುದು ಕಷ್ಟವೆಂದು ತಿಳಿದಮೇಲೆ ಬೀಡಿನ ಕೊಳವೆಗಳು, ೧೯೩೬ರಲ್ಲಿ ಉಕ್ಕು, ಅನಂತರ ಸಿಮೆಂಟು, ಹೀಗೆ ಒಂದರ ಪಕ್ಕದಲ್ಲಿ ಇನ್ನೊಂದು ಬೆಳೆಯಿತು. ಅದೇ ೧೯೩೬ರಲ್ಲಿ ಬಿದಿರನ್ನು ಬಳಸುವ ಮೈಸೂರು ಕಾಗದದ ಕಾರ್ಖಾನೆಯೂ ಭದ್ರಾವತಿಯಲ್ಲಿ ಸ್ಥಾಪಿತವಾಯಿತು. ಕೋಲಾರದಲ್ಲಿ ಕಾಣದ ಗುಣವಿದು. ಭದ್ರಾವತಿಯಲ್ಲಿ ಅದಿರು ಅದಿರಾಗಿಯೇ ಊರನ್ನು ಬಿಟ್ಟುಹೋಗಲಿಲ್ಲ. ಕಬ್ಬಿಣದ ಕೆಲಸವನ್ನು ಕಲಿತ ಒಂದು ಕಾರ್ಮಿಕವರ್ಗವೂ ಇಲ್ಲಿ ರೂಪುಗೊಂಡಿತು.

ಇದ್ದಲಿನ ಪ್ರಶ್ನೆ ಮಾತ್ರ ಉಳಿದೇ ಇದ್ದಿತು. ಕುಲುಮೆ ಒಂದು ದಿನವೂ ಆರುವಂತಿಲ್ಲ. ಕಾಡು ಒಂದು ದಿನದಲ್ಲಿ ಬೆಳೆಯುವಂತಿಲ್ಲ. ಕಡಿದ ಪ್ರದೇಶ ಮತ್ತೆ ಚಿಗುರುವವರೆಗೆ ಕಾಯುವ ಯೋಜನೆಗಳಿದ್ದರೂ ಸೌದೆಯ ದೂರ ಹೆಚ್ಚುತ್ತಲೇ ಹೋಯಿತು. ಇದಕ್ಕೆ ಪರಿಹಾರವೂ ಮತ್ತೆ ನೀರಿನಿಂದಲೇ ಬಂದಿತು. ೧೯೪೮ರಲ್ಲಿ ಜೋಗದ ಮಹಾತ್ಮಾಗಾಂಧಿ ವಿದ್ಯುತ್ ಕೇಂದ್ರವು ಉದ್ಘಾಟನೆಯಾದಮೇಲೆ, ೧೯೫೦ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದುವು. ಶಾಖವನ್ನು ವಿದ್ಯುತ್ತು ಕೊಟ್ಟು, ಅದಿರಿನಿಂದ ಆಮ್ಲಜನಕವನ್ನು ಸೆಳೆಯುವ ಕೆಲಸಕ್ಕೆ ಮಾತ್ರ ಇದ್ದಲು ಸಾಕಾದುದರಿಂದ ಕಾಡಿನ ಮೇಲಿನ ಹೊರೆ ಗಣನೀಯವಾಗಿ ತಗ್ಗಿತು. ಹೊರೆ ತಗ್ಗಿದುದು ಕಾಡಿಗೆ. ಶರಾವತಿಯ ಕಣಿವೆಯ ಜನಕ್ಕಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ನಾಡಿಗೆ ಬೆಳಕು ಕೊಟ್ಟವರು ತಮ್ಮ ಅಡಕೆತೋಟಗಳನ್ನೂ ಗದ್ದೆಗಳನ್ನೂ ನೀರಿಗೆ ಬಿಟ್ಟು ಗಂಟುಮೂಟೆಯೊಡನೆ ಬೇರೆ ಊರುಗಳಿಗೆ ಹೋದರು.

೬. ಫಲಾಫಲಗಳ ವಿವೇಚನೆ

ಮೇಲ್ಕಂಡ ನಾಲ್ಕು ಪ್ರಸಂಗಗಳನ್ನು ಹೋಲಿಸಿನೋಡಿದರೆ ಕೆಲವು ಸಾಮಾನ್ಯ ತತ್ತ್ವಗಳು ಹೊರಡುತ್ತವೆ.

ಮೊದಲನೆಯದಾಗಿ, ಸಂಪತ್ತಿನ ಬೆಲೆ ಅದರ ಪಕ್ಕದಲ್ಲಿ ಏನು ಬೆಳೆಯಿತೆಂಬುದನ್ನು ಅವಲಂಬಿಸಿದೆ. ಕೋಲಾರದಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನ ಹೊರಬಂದಿತು. ಗಣಿಗಳು ೧೯೫೬ರಲ್ಲಿ ರಾಜ್ಯ ಸರಕಾರದ ವಶಕ್ಕೂ, ೧೯೬೨ರಲ್ಲಿ ಕೇಂದ್ರದ ವಶಕ್ಕೂ ಬಂದು, ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಗಣಿಯಲ್ಲಿ ಚಿನ್ನದ ಪ್ರಮಾಣವಿಳಿದು ವೆಚ್ಚ ಹೆಚ್ಚಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಗಣಿ ನಿಂತಾಗ ಊರಿಗೆ ಇನ್ನೊಂದು ಆಧಾರವಿರಲಿಲ್ಲ. ಸೈನೈಡಿನಿಂದ ಚಿನ್ನವನ್ನು ತೆಗೆದುಕೊಂಡ ಪುಡಿಯ ದಿಬ್ಬಗಳು ಉಳಿದುವು. ಅಲ್ಲಿಯ ಗಂಡಸರೂ ಹೆಂಗಸರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಗಣಿಗಾಗಿ ಎಳೆದ ತಂತಿ ಬೆಳೆಸಿದ ನಗರವು ಗಣಿಯ ಮಕ್ಕಳಿಗೆ ಅನ್ನ ಕೊಡುವಂತಾದುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

ಎರಡನೆಯದಾಗಿ, ಸಂಪತ್ತನ್ನು ಕುರಿತು ನಿರ್ಧರಿಸುವ ಅಧಿಕಾರ ಎಲ್ಲಿತ್ತೆಂಬುದೂ ಮುಖ್ಯ. ಚಿನ್ನದ ವಿಷಯದಲ್ಲಿ ಅದು ಲಂಡನ್ನಿನಲ್ಲಿತ್ತು. ವಿದ್ಯುತ್ತು, ಗಂಧ, ಕಬ್ಬಿಣಗಳ ವಿಷಯದಲ್ಲಿ ಮೈಸೂರಿನಲ್ಲಿತ್ತು. ಆದುದರಿಂದ ಆ ಮೂರರ ಫಲವೂ ಹೆಚ್ಚಾಗಿ ಮೈಸೂರಿನಲ್ಲಿ ಉಳಿಯಿತು. ೧೯೧೩ರ ಮೈಸೂರು ಬ್ಯಾಂಕು, ೧೯೧೬ರ ವಿಶ್ವವಿದ್ಯಾನಿಲಯ, ೧೯೧೭ರ ಎಂಜಿನಿಯರಿಂಗ್ ಕಾಲೇಜು ಇವನ್ನು ಕೈಗಾರಿಕೆಗಳ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು. ಆದರೆ ಮೈಸೂರಿನಲ್ಲಿ ನಿರ್ಧರಿಸಿದವರು ಕನ್ನಂಬಾಡಿಯವರನ್ನಾಗಲಿ ಗಂಧ ಬೆಳೆಯುವ ರೈತನನ್ನಾಗಲಿ ಕೇಳಲಿಲ್ಲ. ಲಂಡನ್ನು ಮೈಸೂರಿಗೆ ಎಷ್ಟು ದೂರವೋ ಬೆಂಗಳೂರು ಶರಾವತಿಯ ಕಣಿವೆಗೆ ಅಷ್ಟೇ ದೂರವಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಮೂರನೆಯದಾಗಿ, ಒಂದು ಕಾಲದ ಅನುಕೂಲ ಇನ್ನೊಂದು ಕಾಲಕ್ಕೆ ಉಳಿಯುವುದಿಲ್ಲ. ಭದ್ರಾವತಿಯ ಕಾರ್ಖಾನೆಯು ೧೯೮೯ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. ಬಳ್ಳಾರಿಯ ಅದಿರಿನ ಬಳಿ ಹೊರಗಿನ ಕಲ್ಲಿದ್ದಲಿನಿಂದ ನಡೆಯುವ ಭಾರೀ ಉಕ್ಕಿನ ಕಾರ್ಖಾನೆಗಳೆದ್ದಮೇಲೆ, ಸ್ವಂತ ಅದಿರಿನ ಗಣಿಯೂ ಇಲ್ಲದ ಭದ್ರಾವತಿಯು ಅವುಗಳೊಡನೆ ಸ್ಪರ್ಧಿಸುವುದು ಕಠಿನವಾಯಿತು. ೨೦೨೩ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ವಿರೋಧಿಸಿ ಚಳವಳಿ ಹೂಡಿದರು. ಅವರು ಕೇಳಿದುದು ಕೂಲಿಯ ಪ್ರಶ್ನೆಯನ್ನು ಮಾತ್ರವಲ್ಲ. ಒಂದು ಊರನ್ನು ಸಂಪತ್ತಿನ ಹೆಸರಿನಲ್ಲಿ ಕಟ್ಟಿದಮೇಲೆ ಆ ಊರಿನ ಹೊಣೆ ಯಾರದೆಂಬ ಪ್ರಶ್ನೆಯನ್ನು.

೭. ಉಪಸಂಹಾರ

ಮೈಸೂರಿನ ಆರ್ಥಿಕ ಬೆಳವಣಿಗೆಯನ್ನು ನಿಸರ್ಗದ ಕೊಡುಗೆಯೆಂದು ಮಾತ್ರ ವರ್ಣಿಸುವುದು ಸಾಲದು. ಅದಿರು, ಜಲಪಾತ, ಗಂಧದ ಮರ ಇವು ಶತಶತಮಾನಗಳಿಂದ ಇಲ್ಲಿಯೇ ಇದ್ದುವು. ಅದನ್ನು ಮಹಾಪುರುಷರ ಕೃತಿಯೆಂದು ಮಾತ್ರ ವರ್ಣಿಸುವುದೂ ಸಾಲದು. ಗಣಿಯ ಕರಾರಿಲ್ಲದೆ ಶೇಷಾದ್ರಿ ಅಯ್ಯರ್ ಅವರ ಯೋಜನೆಯೂ, ಯುದ್ಧವಿಲ್ಲದೆ ಗಂಧದೆಣ್ಣೆಯ ಕಾರ್ಖಾನೆಯೂ ಅಷ್ಟು ಬೇಗ ಕೈಗೂಡುತ್ತಿರಲಿಲ್ಲ. ಕಲ್ಲಿದ್ದಲಿಲ್ಲದ ನಾಡು ತನ್ನ ಕೊರತೆಯನ್ನು ನೀಗಲು ಮಾಡಿದ ಪ್ರಯತ್ನಗಳ ಕ್ರಮವೇ ಈ ಚರಿತ್ರೆಯ ಬೆನ್ನೆಲುಬು. ಆ ಪ್ರಯತ್ನಗಳಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಗೆ ವರ್ಗಾಯಿಸಿದ ಸಂದರ್ಭಗಳೂ ಅನೇಕ.

ನಮ್ಮ ಕಾಲೇಜುಗಳಲ್ಲಿ ಆರ್ಥಿಕ ಚರಿತ್ರೆಯನ್ನು ಬೋಧಿಸುವಾಗ ಜಿಲ್ಲೆಜಿಲ್ಲೆಯ ಸಂಪತ್ತಿನ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರ ಬದಲು ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡಬಹುದೆಂದು ನಮಗೆ ತೋರುತ್ತದೆ. ಈ ವಸ್ತು ಯಾವ ರೂಪದಲ್ಲಿ ಊರನ್ನು ಬಿಟ್ಟಿತು? ಅದರ ಪಕ್ಕದಲ್ಲಿ ಇನ್ನಾವ ಕೆ಼ಲಸ ಹುಟ್ಟಿತು? ಅದು ತೀರಿದ ದಿನ ಊರಿನಲ್ಲಿ ಏನು ಉಳಿಯಿತು? ತಮ್ಮ ತಮ್ಮ ತಾಲ್ಲೂಕಿನ ಕಲ್ಲುಗಣಿ, ಹಂಚಿನ ಕಾರ್ಖಾನೆ, ರೇಷ್ಮೆ, ಕೆರೆ, ಕಾಡುಗಳನ್ನು ಕುರಿತು ಈ ಪ್ರಶ್ನೆಗಳನ್ನು ಕೇಳಿ, ಹಳೆಯ ಕಾಗದಪತ್ರಗಳಿಂದಲೂ ಆ ಕೆಲಸಗಳಲ್ಲಿ ಬಾಳಿದ ಹಿರಿಯರಿಂದಲೂ ಉತ್ತರಗಳನ್ನು ಸಂಗ್ರಹಿಸಿದರೆ, ನಾಡಿನ ಆರ್ಥಿಕ ಚರಿತ್ರೆಗೆ ಅವು ಬೆಲೆಯುಳ್ಳ ಸಾಮಗ್ರಿಯಾಗುತ್ತವೆ.